ಅಕ್ಕನ ಫೈಲಿನ ಚಕ್ಕುಬಂದಿ

ನಾನು ಹಾಸನದಲ್ಲಿ ಲೈಸೆನ್ಸ್ ಸರ್ವೇಯರ್. ಆಲೂರು, ಬೇಲೂರು, ಸಕಲೇಶಪುರದ ಕಡೆ ಜಮೀನು ಅಳೆಯೋದು, ಪೋಡಿ ಮಾಡೋದು, ಅಂದರೆ ಒಂದು ಸರ್ವೆ ನಂಬರನ್ನು ಭಾಗ ಮಾಡೋದು, ಹದ್ದುಬಸ್ತು, ಅಂದರೆ ಎಲ್ಲೆ ಗುರುತು ಮಾಡಿ ಅಣ್ಣ ತಮ್ಮಂದಿರಿಬ್ಬರ ಕೈಲೂ ಬೈಸಿಕೊಳ್ಳೋದು ನನ್ನ ಕೆಲಸ. ಇಲ್ಲಿ ಇಲ್ಲಿಯವರೆಗೆ ಬರೆದದ್ದೆಲ್ಲ ಪಹಣಿ, ನಕ್ಷೆ, ಒತ್ತುವರಿ ವಿಚಾರ. ಇವತ್ತಿನದು ಬೇರೆ. ಆದರೆ ಯೋಚಿಸಿದರೆ ಇದೂ ಒತ್ತುವರಿಯ ಕಥೆಯೇ.

ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸ್ರು ಹಾಕ್ಬೇಡ, ಊರಿನ ಹೆಸ್ರೂ ಬೇಡ, ಮಿಕ್ಕಿದ್ದು ಏನಾರ ಬರ್ಕೋ" ಅಂದಳು. ಹಾಗಾಗಿ ಆಲೂರು ತಾಲ್ಲೂಕು ಅಂತ ಮಾತ್ರ ಇಟ್ಟುಕೊಳ್ಳಿ.

ಅಕ್ಕನಿಗೆ ಈಗ 57. ಮುಟ್ಟು ನಿಂತು ಆರೇಳು ವರ್ಷ ಆಗಿತ್ತು. ಹೋದ ವರ್ಷ ಶುಂಠಿ ಹಾಕುವ ಹೊತ್ತಿಗೆ ಮತ್ತೆ ರಕ್ತ ಕಾಣಿಸಿಕೊಂಡಿದೆ. ಅದಕ್ಕೂ ಮುಂಚೆ ನಾಲ್ಕು ತಿಂಗಳಿಂದ ಕೆಟ್ಟ ವಾಸನೆಯ ಬಿಳಿಸೆರಗು. ಬಿಸಿಲಲ್ಲಿ ಆಳುಗಳ ಜೊತೆ ನಿಂತು ಉಷ್ಣ ಆಗಿರಬೇಕು ಅಂದುಕೊಂಡು ಮೆಂತ್ಯ ನೆನೆಹಾಕಿ ಕುಡಿದಿದ್ದಾಳೆ. ಯಾರಿಗೂ ಹೇಳಿಲ್ಲ. ಕೊನೆಗೆ ಜೂನ್‌ನಲ್ಲಿ ನನ್ನ ಹೆಂಡತಿಯ ಹತ್ತಿರ, ಹಲಸಿನ ತೊಳೆ ಬಿಡಿಸುತ್ತಾ ಕೂತಾಗ, ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದಳಂತೆ. ಹೆಂಡತಿಗೆ ಅರ್ಥವಾಯಿತು. ತೊಳೆ ಅಲ್ಲೇ ಬಿಟ್ಟು ಎದ್ದಳು.

ಮೊದಲು ತೋರಿಸಿದ ಜಾಗದ ಹೆಸರು ಬೇಡ. ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡಿದರು. "ಗರ್ಭಚೀಲ ದಪ್ಪ ಆಗಿದೆ, ವಯಸ್ಸೂ ಆಗಿದೆ, ತೆಗೆದುಬಿಡೋಣ. ಸೋಮವಾರ ಖಾಲಿ ಹೊಟ್ಟೇಲಿ ಬನ್ನಿ" ಅಂದರು. ಒಳಗೆ ಇಣುಕಿ ನೋಡಲಿಲ್ಲ. ತುಣುಕು ತೆಗೆದು ಪರೀಕ್ಷೆಗೂ ಕಳಿಸಲಿಲ್ಲ. ನಾವೂ ಸುಮ್ನೆ ತಲೆಯಾಡಿಸಿ ಬಂದೆವು. ನಮ್ಮ ಕಡೆ ಗರ್ಭಚೀಲ ತೆಗೆಸುವುದು ಹಲ್ಲು ಕೀಳಿಸಿದಷ್ಟೇ ಮಾಮೂಲಿ ಆಗಿಹೋಗಿದೆ, ಅಲ್ವಾ? ನಾದಿನಿ ನರ್ಸ್. ಅವಳು ಫೋನಿನಲ್ಲೇ ಕೂಗಾಡಿದಳು. ಮುಟ್ಟು ನಿಂತ ಮೇಲೆ ರಕ್ತ ಹೋದರೆ ಮೊದಲು ಒಳಗೆ ನೋಡಬೇಕು, ಅನುಮಾನ ಇದ್ದ ಕಡೆ ಬಯಾಪ್ಸಿ ಮಾಡಬೇಕು, ಕತ್ತರಿಸುವ ಮಾತು ಆಮೇಲೆ ಅಂತ. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಇದ್ದು, ಅದು ಗೊತ್ತಿಲ್ಲದೆ ಸಾದಾ ಆಪರೇಷನ್ ಮಾಡಿದರೆ, ಗಡ್ಡೆಯ ನಡುವೆಯೇ ಕತ್ತರಿ ಹಾಯಬಹುದು. ಎಲ್ಲಿಯವರೆಗೆ ಹರಡಿತ್ತು ಅಂತ ಆಮೇಲೆ ಸರಿಯಾಗಿ ಹೇಳುವುದೂ ಕಷ್ಟ. ನನಗೆ ತಕ್ಷಣ ಹೊಳೆದದ್ದು ಇಷ್ಟೆ: ಅಳತೆಗೆ ಮುಂಚೆಯೇ ಎಲ್ಲೆಯ ಬಾಂದು ಕಲ್ಲು ಕಿತ್ತು ಬಿಸಾಕಿದ ಹಾಗೆ.

ಸೋಮವಾರ ಹೋಗಲಿಲ್ಲ. ಹಾಸನದಲ್ಲೇ ಇನ್ನೊಬ್ಬ ಲೇಡಿ ಡಾಕ್ಟರ್ ಹತ್ತಿರ ಹೋದೆವು. ಅವರು ಒಳಗೆ ನೋಡಿ ಎರಡೇ ನಿಮಿಷಕ್ಕೆ ಹೊರಗೆ ಬಂದರು. ಮಾತು ಕಡಿಮೆಯಾಗಿತ್ತು. ಬಯಾಪ್ಸಿ ಕಳಿಸಿದರು. ವಾರದ ಮೇಲೆ ರಿಪೋರ್ಟ್ ಬಂತು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಗರ್ಭಕೋಶದ ಬಾಯಿಯ ಕ್ಯಾನ್ಸರ್.

ಹಾಸನದ ಕಡೆಯವರಿಗೆ ಕ್ಯಾನ್ಸರ್ ಅಂದರೆ ಬೆಂಗಳೂರಿನ ಕಿದ್ವಾಯಿ. ನಿಮ್ಹಾನ್ಸ್ ಪಕ್ಕದಲ್ಲಿದೆ, 1973ರಿಂದ ಇದೆ. ಆ ಹೆಸರು ಹೇಳಿದರೇ ಊರಲ್ಲಿ ಮಾತು ನಿಲ್ಲುತ್ತದೆ. ಅದಕ್ಕೇ ಅಕ್ಕನಿಗೆ "ಬೆಂಗಳೂರಲ್ಲಿ ದೊಡ್ಡಾಸ್ಪತ್ರೆ" ಅಂತಷ್ಟೇ ಹೇಳಿ ರೈಲು ಹತ್ತಿಸಿದೆ. ಪರೀಕ್ಷೆ, ಎಂಆರ್‌ಐ, ಪೆಟ್ ಸ್ಕ್ಯಾನ್ ಎಲ್ಲ ಮುಗಿಯುವಷ್ಟರಲ್ಲಿ ಹನ್ನೆರಡು ದಿನ. ಹದಿಮೂರನೇ ದಿನ ಫೈಲಿನ ಮೇಲೆ ಒಂದು ನಂಬರ್ ಬಿತ್ತು. ರೋಮನ್ ಅಂಕಿಯಲ್ಲಿ ಮೂರು, ಪಕ್ಕದಲ್ಲಿ ಸಿ, ಅದರ ಪಕ್ಕ 1, ಆಮೇಲೆ ಬ್ರಾಕೆಟ್ ಒಳಗೆ ಸಣ್ಣ ಆರ್. ಸ್ಟೇಜ್ 3ಸಿ1.

ನನಗೆ ಮೊದಲು ಕಂಡದ್ದು ಮೂರು ಮಾತ್ರ. ನಾಲ್ಕರಲ್ಲಿ ಮೂರು. ಅಂದರೆ ಮುಕ್ಕಾಲು ಮುಗಿಯಿತು. ಕೈ ತಣ್ಣಗಾಯಿತು. ಆಮೇಲೆ, ಅಭ್ಯಾಸ ಬಲ ನೋಡಿ, ಕಣ್ಣು ಹಿಂದಿನ ಅಕ್ಷರದ ಕಡೆ ಹೋಯಿತು. ಇದು ಸರ್ವೆ ನಂಬರ್ ಇದ್ದ ಹಾಗೆ ಇದೆಯಲ್ಲ ಅನ್ನಿಸಿತು. ಹಿಸ್ಸಾ, ಅಂದರೆ ಭಾಗದ ನಂಬರ್, ಬೇರೆ ಇದೆ. ಪೋಡಿ ಆಗಿದೆ. ಹಾಗಾದರೆ ಇದಕ್ಕೊಂದು ನಕ್ಷೆಯೂ ಇರಲೇಬೇಕು.

ಡಾಕ್ಟರ್ ಹುಡುಗಿ ಚಿಕ್ಕ ವಯಸ್ಸಿನವರು, ತಾಳ್ಮೆ ಇತ್ತು. ನಾನು ಸರ್ವೇಯರ್, ನಕ್ಷೆ ಬರೆದರೆ ಅರ್ಥ ಆಗುತ್ತೆ ಅಂದೆ. ನಕ್ಕು, ಒಂದು ಹಾಳೆಯ ಹಿಂದೆ ಗೀಚಿದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಗರ್ಭಕೋಶದ ಬಾಯಿಯ ಚಕ್ಕುಬಂದಿ, ಅಂದರೆ ಸುತ್ತಲ ಎಲ್ಲೆ, ಹೀಗಿದೆ. ಮೇಲೆ ಗರ್ಭಕೋಶ. ಕೆಳಗೆ ಯೋನಿ. ಮುಂದೆ ಮೂತ್ರಕೋಶ. ಹಿಂದೆ ಗುದನಾಳ. ಎಡಕ್ಕೆ ಬಲಕ್ಕೆ ಮೆತ್ತನೆಯ ಅಂಗಾಂಶ, ಪ್ಯಾರಾಮೆಟ್ರಿಯಂ ಅಂತಾರೆ. ಅದನ್ನು ದಾಟಿದರೆ ಸೊಂಟದ ಗೋಡೆ. ಗಡ್ಡೆ ತನ್ನ ಹದ್ದಿನೊಳಗೇ ಇದ್ದರೆ ಒಂದನೇ ಸ್ಟೇಜ್. ಪಕ್ಕದ ಮೆತ್ತನೆಯ ಜಾಗಕ್ಕೋ, ಯೋನಿಯ ಮೇಲಿನ ಮೂರರಲ್ಲಿ ಎರಡು ಭಾಗಕ್ಕೋ ಕಾಲಿಟ್ಟಿದ್ದರೆ ಎರಡು. ಯೋನಿಯ ಕೊನೆಯ ಮೂರನೇ ಭಾಗ ಅಥವಾ ಸೊಂಟದ ಗೋಡೆ ಮುಟ್ಟಿದ್ದರೆ ಮೂರು. ಮೂತ್ರಕೋಶ ಅಥವಾ ಗುದನಾಳದ ಒಳಪದರಕ್ಕೇ ನುಗ್ಗಿದ್ದರೆ 4ಎ. ಶ್ವಾಸಕೋಶ, ಲಿವರ್, ಮೂಳೆ ಅಂತ ದೂರದ ಊರಿಗೆ ಹೋಗಿದ್ದರೆ 4ಬಿ. ಮೇಲುಗಡೆ ಗರ್ಭಕೋಶದ ಮೈಗೆ ಹತ್ತಿದ್ದರೆ? ಅದನ್ನು ಸ್ಟೇಜಿನಲ್ಲಿ ಲೆಕ್ಕಕ್ಕೇ ತಗೊಳ್ಳಲ್ಲವಂತೆ. ನನಗೆ ಇದು ವಿಚಿತ್ರ ಅನ್ನಿಸಿತು. ಒಂದು ದಿಕ್ಕಿನ ಒತ್ತುವರಿಗೆ ಕೇಸೇ ಇಲ್ಲ!

ಕಿಡ್ನಿ ವಿಚಾರ ಕೇಳಿದಾಗ ನನಗೆ ನಮ್ಮ ಗದ್ದೆಯ ತೂಬು ನೆನಪಾಯಿತು. ಕಿಡ್ನಿಯಿಂದ ಮೂತ್ರ ತರುವ ಕಾಲುವೆ ಈ ಗರ್ಭಕೋಶದ ಬಾಯಿಯ ಪಕ್ಕದಲ್ಲೇ ಹಾಯುತ್ತದೆ. ಗಡ್ಡೆ ಪಕ್ಕಕ್ಕೆ ಬೆಳೆದು ಅದನ್ನು ಅದುಮಿದರೆ ನೀರು ಹಿಂದಕ್ಕೆ ನಿಂತು ಕಿಡ್ನಿ ಊದುತ್ತದೆ. ಹಾಗೆ ಊದಿದ್ದರೆ, ಅದಕ್ಕೆ ಬೇರೆ ಕಾರಣ ಇಲ್ಲದಿದ್ದರೆ, ಅದೊಂದೇ ಸಾಕು, ಸ್ಟೇಜ್ 3ಬಿ. ಅದಕ್ಕೇ ಈ ಕಾಯಿಲೆಯಲ್ಲಿ ಕಿಡ್ನಿಯನ್ನು ಅಷ್ಟು ನೋಡುವುದು. ಕಾಲು ಊತ, ಮೂತ್ರ ಕಡಿಮೆ ಅಂತ ಬಂದವರಲ್ಲಿ ಬುಡದ ಕಾರಣ ಇಲ್ಲಿ ಸಿಕ್ಕಿದ್ದೂ ಇದೆಯಂತೆ.

ಅಕ್ಕನ ವಿಚಾರದಲ್ಲಿ ಇದ್ಯಾವುದೂ ಆಗಿರಲಿಲ್ಲ. ಗಡ್ಡೆ 3 ಸೆಂ.ಮೀ. ನಾಲ್ಕೂ ಕಡೆ ಹದ್ದಿನೊಳಗೇ ಇದೆ. ಮೂತ್ರಕೋಶ ಸರಿ ಇದೆ, ಕಿಡ್ನಿ ಸರಿ ಇದೆ. ಹಾಗಿದ್ದರೆ ಮೂರು ಯಾಕೆ ಅಂತ ನಾನು ಹೆಚ್ಚುಕಮ್ಮಿ ಜಗಳಕ್ಕೇ ನಿಂತೆ. ತಕರಾರು ಅರ್ಜಿ ಹಾಕುವವರ ಹಾಗೆ. ಅವರು ಪೆಟ್ ಸ್ಕ್ಯಾನ್ ತೋರಿಸಿದರು, ಅದರಲ್ಲಿ ಕ್ಯಾನ್ಸರ್ ಇರುವ ಕಡೆ ಮಿಂಚುತ್ತದೆ. ಬಲಗಡೆ ಸೊಂಟದ ಒಳಗೆ ಒಂದು ಪುಟ್ಟ ಗಂಟು ಮಿಂಚುತ್ತಿತ್ತು. ಲಿಂಫ್ ನೋಡ್, ಅಂದರೆ ದುಗ್ಧರಸ ಗ್ರಂಥಿ. ಸೊಂಟದೊಳಗಿನ ಗಂಟಿಗೆ ಹೋಗಿದ್ದರೆ 3ಸಿ1. ಇನ್ನೂ ಮೇಲೆ, ಹೊಟ್ಟೆಯ ದೊಡ್ಡ ರಕ್ತನಾಳದ ಪಕ್ಕದ ಗಂಟುಗಳಿಗೆ ಹೋಗಿದ್ದರೆ 3ಸಿ2. ಗಡ್ಡೆ ಎಷ್ಟೇ ಚಿಕ್ಕದಿರಲಿ. ಸಣ್ಣ ಆರ್ ಅಂದರೆ ಇದನ್ನು ರೇಡಿಯಾಲಜಿಯಿಂದ, ಅಂದರೆ ಸ್ಕ್ಯಾನಿನಿಂದ ತೀರ್ಮಾನಿಸಿದ್ದು. ಗಂಟು ತೆಗೆದು ಪೆಥಾಲಜಿಯಲ್ಲಿ ನೋಡಿದ್ದರೆ ಪಿ ಅಂತ ಬರೆಯುತ್ತಾರೆ. ಅಳತೆ ಯಾವ ಉಪಕರಣದಿಂದ ಮಾಡಿದ್ದು ಅಂತ ನಾವೂ ನಕ್ಷೆಯ ಮೂಲೆಯಲ್ಲಿ ಬರೆಯುತ್ತೇವೆ. ಖುಷಿಯಾಯಿತು. ಅಂಥ ಹೊತ್ತಿನಲ್ಲೂ.

ಆಮೇಲೆ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ತುಂಬಾ ದಿನ ಓಡಿತು. ಇದೇ ಕಾಯಿಲೆ, ಇದೇ 3 ಸೆಂ.ಮೀ., ಇದೇ ಗಂಟು 2018ಕ್ಕಿಂತ ಮುಂಚೆ ಬಂದಿದ್ದರೆ ಅಕ್ಕನ ಫೈಲಿನ ಮೇಲೆ 1ಬಿ1 ಅಂತ ಬರೆಯುತ್ತಿದ್ದರು. ಕಾಯಿಲೆ ಅದೇ. ನಂಬರ್ ಒಂದರಿಂದ ಮೂರಕ್ಕೆ ಹೋಗಿದೆ.

ಇದರ ಹಿಂದಿನ ಕಥೆ ಓದಿದೆ. ನಮ್ಮ ಹಳೇ ಮೈಸೂರಿನಲ್ಲಿ ಹಿಂದೆ ಗದ್ದೆಯನ್ನು ಬೀಜವರಿಯಲ್ಲಿ ಹೇಳುತ್ತಿದ್ದರು. ಖಂಡುಗದ ಗದ್ದೆ ಅಂದರೆ ಒಂದು ಖಂಡುಗ ಬೀಜ ಬೀಳುವ ಗದ್ದೆ. ಆದರೆ ಒಂದೂರಿನ ಸೇರು ಇನ್ನೊಂದೂರಿನ ಸೇರಲ್ಲ. ಖಂಡುಗವನ್ನು ಖಂಡುಗಕ್ಕೆ ಹೋಲಿಸುವುದು ಹೇಗೆ? ಸರಪಳಿ ಬಂದ ಮೇಲೆ, 33 ಅಡಿಯ ಸರಪಳಿ, ಚದರ ಮಾಡಿದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಅಂತಾದ ಮೇಲೆ ಜಗಳಕ್ಕೊಂದು ಲೆಕ್ಕ ಸಿಕ್ಕಿತು. ಕ್ಯಾನ್ಸರಿಗೂ ಹೀಗೇ ಆಗಿದೆ. ನೂರು ವರ್ಷದ ಹಿಂದೆ ಸ್ಟಾಕ್‌ಹೋಮ್, ಪ್ಯಾರಿಸ್, ಮ್ಯೂನಿಕ್‌ಗಳಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ರೇಡಿಯಂ ಇಟ್ಟು ಚಿಕಿತ್ಸೆ ಕೊಡುತ್ತಿದ್ದರು. ಯಾರ ವಿಧಾನ ವಾಸಿ ಅಂತ ನೋಡಬೇಕಾದರೆ ಒಂದೇ ಅಳತೆ ಬೇಕಲ್ಲ. ಲೀಗ್ ಆಫ್ ನೇಷನ್ಸ್‌ನ ಆರೋಗ್ಯ ವಿಭಾಗ 1929ರಲ್ಲಿ ನಾಲ್ಕು ಸ್ಟೇಜ್‌ಗಳ ಪಟ್ಟಿ ಹೊರಡಿಸಿತು. 1958ರಿಂದ ಆ ಕೆಲಸವನ್ನು ಫಿಗೋ ನೋಡಿಕೊಳ್ಳುತ್ತಿದೆ. 1954ರಲ್ಲಿ ಜಿನೀವಾದಲ್ಲಿ ಹುಟ್ಟಿದ, ಸ್ತ್ರೀರೋಗ ವೈದ್ಯರ ಅಂತರರಾಷ್ಟ್ರೀಯ ಒಕ್ಕೂಟ ಅದು.

ಅಂದರೆ ಸ್ಟೇಜ್ ಅನ್ನೋದು ಹುಟ್ಟಿದ್ದೇ ಹೋಲಿಸಿ ನೋಡಲಿಕ್ಕೆ. ಇಷ್ಟು ಒತ್ತುವರಿ ಆದವರಿಗೆ ಈ ಚಿಕಿತ್ಸೆ ಕೊಟ್ಟರೆ ಏನಾಯಿತು ಅಂತ ತಿಳಿಯಲಿಕ್ಕೆ. ನಮ್ಮ ಬೀದಿಯಲ್ಲಿ ಅದು ದಿನ ಎಣಿಸುವ ಲೆಕ್ಕವಾಗಿ ಕೂತಿದೆ.

ಇನ್ನೊಂದು ವಿಷಯ. 2018ರವರೆಗೆ ಈ ಒಂದು ಕ್ಯಾನ್ಸರನ್ನು ಬೆರಳಿನಿಂದಲೇ ಅಳೆಯುತ್ತಿದ್ದರು. ಯೋನಿಯಲ್ಲಿ, ಗುದದಲ್ಲಿ ಬೆರಳಿಟ್ಟು ಪಕ್ಕದ ಅಂಗಾಂಶ ಮೆತ್ತಗಿದೆಯೋ ಗಟ್ಟಿಯಾಗಿದೆಯೋ, ಗೋಡೆಗೆ ಅಂಟಿದೆಯೋ ಅಂತ ನೋಡುವುದು. ಜೊತೆಗೆ ಎದೆಯ ಎಕ್ಸ್‌ರೇ, ಕಿಡ್ನಿಯ ಎಕ್ಸ್‌ರೇ, ಇಂಥ ಕೆಲವು ಪರೀಕ್ಷೆ. ಎಂಆರ್‌ಐನಲ್ಲಿ ಗಂಟು ಕಂಡರೂ ಸ್ಟೇಜ್ ಬದಲಿಸುವ ಹಾಗಿರಲಿಲ್ಲ. ಯಾಕೆಂದರೆ ಈ ಕಾಯಿಲೆ ಜಾಸ್ತಿ ಇರುವುದೇ ಎಂಆರ್‌ಐ ಇಲ್ಲದ ಬಡ ದೇಶಗಳಲ್ಲಿ. ಎಲ್ಲರಿಗೂ ಒಂದೇ ಸರಪಳಿ ಇರಲಿ ಅಂತ. ಈಗ ನಮ್ಮ ಇಲಾಖೆಗೆ ಉಪಗ್ರಹದ ಸಹಾಯದಿಂದ ಅಳೆಯುವ ರೋವರ್ ಬಂದಿದೆ, ಡ್ರೋನ್ ಬಂದಿದೆ. ಹಾಗಂತ ಸರಪಳಿ ಹಿಡಿದು ಬೆಳೆದ ಹಳೇ ಸರ್ವೇಯರುಗಳ ಕೈಯನ್ನು ನಾನು ಹಗುರ ಮಾಡಲ್ಲ. 2018ರ ಹೊಸ ಪದ್ಧತಿಯೂ ಹಗುರ ಮಾಡಿಲ್ಲ. ಸ್ಕ್ಯಾನ್ ಇದ್ದರೆ ಬಳಸಿ, ಇಲ್ಲದ ಕಡೆ ಕೈ ಪರೀಕ್ಷೆಯೇ ನಡೆಯುತ್ತದೆ ಅಂದಿದೆ. ಒಂದನೇ ಸ್ಟೇಜಿನ 1ಬಿಯನ್ನು ಆಗಲೇ ಮೂರು ಪೋಡಿ ಮಾಡಿದರು: 2 ಸೆಂ.ಮೀ. ಒಳಗೆ, 2ರಿಂದ 4, ಅದಕ್ಕಿಂತ ಮೇಲೆ.

ವಾರ್ಡಿನಲ್ಲಿ ಎಲ್ಲರ ಕೈಲೂ ಒಂದೊಂದು ನಂಬರ್ ಇತ್ತು. ಅಲ್ಲಿ ಪರಿಚಯ ಆಗುವುದೇ ಹಾಗೆ. "ಯಾವೂರು? ಎಷ್ಟನೇದು?" ಅಂತ.

ಅರಸೀಕೆರೆ ಕಡೆಯ ಒಬ್ಬರಿಗೆ ಅಂಡಾಶಯದ ಕ್ಯಾನ್ಸರ್. ಆರು ತಿಂಗಳು ಹೊಟ್ಟೆ ಉಬ್ಬರಕ್ಕೆ ಗ್ಯಾಸ್ ಮಾತ್ರೆ ನುಂಗಿದ್ದರು. 3ಸಿ ಅಂತ ಬರೆದಿತ್ತು. ಅಕ್ಕನದೂ 3ಸಿ, ಅವರದೂ 3ಸಿ. ಅಕ್ಕ ಅವರ ಪಕ್ಕ ಕೂತು ಇಬ್ಬರದೂ ಒಂದೇ ಅಂತ ಸಮಾಧಾನ ಮಾಡಿಕೊಂಡಳು. ಒಂದೇ ಅಲ್ಲ. ಆಲೂರಿನ ಸರ್ವೆ ನಂಬರ್ 40 ಬೇರೆ, ಅರಸೀಕೆರೆಯ 40 ಬೇರೆ. ಅಂಡಾಶಯ ಹೊಟ್ಟೆಯೊಳಗಿನ ಬಯಲಿಗೆ ತೆರೆದುಕೊಂಡು ಕೂತಿರುತ್ತದೆ. ಅಲ್ಲಿ ಬದುವೇ ಇಲ್ಲ. ಜೀವಕೋಶ ಉದುರಿದರೆ ಹೊಟ್ಟೆಯ ನೀರಿನ ಜೊತೆ ಎಲ್ಲ ಕಡೆ ಹೋಗುತ್ತದೆ. ಅದಕ್ಕೇ ತುಂಬಾ ಜನರಲ್ಲಿ ಗೊತ್ತಾಗುವ ಹೊತ್ತಿಗೇ ಮೂರು ಆಗಿರುತ್ತದೆ. ಸೊಂಟದಿಂದ ಮೇಲೆ ಹೊಟ್ಟೆಯ ಪದರದ ಮೇಲೆ 2 ಸೆಂ.ಮೀ.ಗಿಂತ ದೊಡ್ಡ ಗಡ್ಡೆ ಇದ್ದರೆ 3ಸಿ. ಇದರ ಸ್ಟೇಜನ್ನು ಸಾಮಾನ್ಯವಾಗಿ ಆಪರೇಷನ್ ಮಾಡಿ, ಕಣ್ಣಲ್ಲಿ ಕಂಡು, ತುಣುಕು ನೋಡಿಯೇ ಹೇಳುವುದು. ಆಪರೇಷನ್ ಮಾಡುವಾಗಲೇ ಗಡ್ಡೆಯ ಸಿಪ್ಪೆ ಒಡೆದರೆ 1ಎ ಇದ್ದದ್ದು 1ಸಿ1 ಆಗುತ್ತದೆ. ನನ್ನ ಸರ್ವೆ ಹೋಲಿಕೆ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅಳೆಯಲು ಹೋದವನ ಕಾಲು ತಾಗಿ ಕಲ್ಲು ಜರುಗಿದ್ದಕ್ಕೂ ಒಂದು ಹಿಸ್ಸಾ ನಂಬರ್ ನಮ್ಮ ಕಾಯಿದೆಯಲ್ಲಿ ಇಲ್ಲ.

ಕಡೂರಿನ ಒಬ್ಬ ಟೀಚರಿಗೆ ಗರ್ಭಕೋಶದ ಒಳಪದರದ್ದು, ಒಂದನೇ ಸ್ಟೇಜ್. ಅವರಿಗೆ ಮುಟ್ಟು ನಿಂತ ಮೇಲೆ ಒಂದು ದಿನ ಬಟ್ಟೆಯಲ್ಲಿ ಕಲೆ ಕಂಡಿತ್ತು, ಮಾರನೇ ದಿನವೇ ಡಾಕ್ಟರ್ ಹತ್ತಿರ ಹೋಗಿದ್ದರು. ಈ ಜಾತಿಯದು ರಕ್ತ ಕಾಣಿಸಿ ಬೇಗ ಸುಳಿವು ಕೊಡುತ್ತದೆ. ಇದರ ಸ್ಟೇಜನ್ನು 1988ರಿಂದ ಆಪರೇಷನ್ ಮೇಲೆಯೇ ನಿರ್ಧರಿಸುತ್ತಾರೆ. 2023ರಲ್ಲಿ ಫಿಗೋ ಇನ್ನೊಂದು ಹೆಜ್ಜೆ ಹೋಗಿದೆ. ಕಾಯಿಲೆ ಇನ್ನೂ ಆರಂಭದಲ್ಲಿದ್ದರೆ ಎಲ್ಲಿದೆ ಅನ್ನೋದಷ್ಟೇ ಅಲ್ಲ, ಜೀನ್ ಎಂಥದು ಅನ್ನೋದೂ ಸ್ಟೇಜಿಗೆ ಸೇರುತ್ತದೆ. ಪೋಲ್ ಅನ್ನುವ ಜೀನ್ ಬದಲಾಗಿದ್ದರೆ ಸ್ಟೇಜ್ ಕೆಳಗಿಳಿಯುತ್ತದೆ, ಪಿ53 ಅನ್ನುವ ಇನ್ನೊಂದು ಜೀನ್ ಕೆಟ್ಟು ಕಾಯಿಲೆ ಸ್ನಾಯುವಿನೊಳಗೂ ಇಳಿದಿದ್ದರೆ ಮೇಲೇರುತ್ತದೆ. ಪಹಣಿಯಲ್ಲಿ ವಿಸ್ತೀರ್ಣದ ಜೊತೆ ಜಮೀನು ಎಂಥದು, ತರಿಯೋ, ಖುಷ್ಕಿಯೋ, ಬಾಗಾಯ್ತೋ ಅಂತ ಬರೆದ ಹಾಗೆ.

ಗ್ರೇಡ್ ಅನ್ನೋದು ಬೇರೆ, ಇದನ್ನೂ ಹೇಳಿಬಿಡುತ್ತೇನೆ. ಅದು ಸೂಕ್ಷ್ಮದರ್ಶಕದಲ್ಲಿ ಜೀವಕೋಶ ಎಷ್ಟು ಕೆಟ್ಟಿದೆ ಅನ್ನುವ ಲೆಕ್ಕ. ಅಕ್ಕನ ಬಯಾಪ್ಸಿಯಲ್ಲಿ ಗ್ರೇಡ್ 2 ಅಂತ ಇತ್ತು. ಇಲ್ಲೇ ನಾನು ತಪ್ಪು ಮಾಡಿದೆ.

ಅಕ್ಕ ಎಷ್ಟನೇದು ಅಂತ ಕೇಳಿದಾಗ "ಎರಡನೇದು" ಅಂದೆ. ಪೂರ್ತಿ ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ, ಕಾಗದದಲ್ಲಿ ಎಲ್ಲೋ ಒಂದು ಎರಡು ಇತ್ತಲ್ಲ. ಮೂರನೇ ದಿನ ಪಕ್ಕದ ಬೆಡ್ಡಿನ ಹುಡುಗಿ ಫೈಲ್ ಓದಿ ಹೇಳಿದ್ದಾಳೆ, "ಆಂಟಿ, ನಿಮ್ಮದು ಮೂರು". ಅಕ್ಕ ನನ್ನ ಜೊತೆ ಒಂದು ದಿನ ಮಾತಾಡಲಿಲ್ಲ. ಮರುದಿನ ಊಟ ಮಾಡುತ್ತಾ ಕೇಳಿದಳು: "ಜನರ ಜಮೀನ್ನೂ ಹಿಂಗೇ ಅಳೀತೀಯೇನೋ?" ನಾನು ಆ ಹಾಳೆ ತೆಗೆದು ಎಲ್ಲ ತೋರಿಸಿದೆ. ತನ್ನ ದೇಹದ ಒಳಗೆ ಏನೇನು ಎಲ್ಲೆಲ್ಲಿದೆ ಅಂತ 57 ವರ್ಷಕ್ಕೆ, ತಮ್ಮನ ಬಾಯಲ್ಲಿ ಕೇಳಿದಳು. ನನಗೂ ನಾಚಿಕೆ ಆಯಿತು, ಅವಳಿಗೂ ಆಯಿತು. ಆಮೇಲೆ ಇಬ್ಬರಿಗೂ ಅಭ್ಯಾಸವಾಯಿತು. ಮೂರು ಅಂದರೂ ಗುಣ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ, 4ಎವರೆಗೂ ಹಾಗೇ ಪ್ರಯತ್ನ ಮಾಡುತ್ತಾರೆ ಅಂತ ಡಾಕ್ಟರ್ ಹೇಳಿದ್ದನ್ನು ಆವತ್ತೇ ಹೇಳಿದ್ದರೆ ಆಗುತ್ತಿತ್ತು.

ಗಂಟಿಗೆ ಹೋಗಿದ್ದರಿಂದ ಆಪರೇಷನ್ ಬೇಡ ಅಂದರು. 25 ಕರೆಂಟು. ಊರಲ್ಲಿ ರೇಡಿಯೇಷನ್ನಿಗೆ ಕರೆಂಟು ಅಂತಲೇ ಹೇಳೋದು. ವಾರಕ್ಕೆ ಐದು ದಿನ, ಐದು ವಾರ. ವಾರಕ್ಕೊಂದು ಸಿಸ್‌ಪ್ಲಾಟಿನ್ ಡ್ರಿಪ್, ಅದು ಕೀಮೋ ಔಷಧಿ. ಕೊನೆಗೆ ನಾಲ್ಕು ಸಲ ಒಳಗಿನ ಕರೆಂಟು, ಬ್ರಾಕಿಥೆರಪಿ. ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು, ಎಳೆದಷ್ಟೂ ಗುಣ ಕಡಿಮೆ ಅಂದರು. ನಡುವೆ ಗೌರಿ ಹಬ್ಬ ಬಂತು. ಅಕ್ಕ ಎರಡು ದಿನ ರಜೆ ಕೇಳಿದಳು. ಬಾಗಿನ ಕೊಡಬೇಕಂತೆ. ಡಾಕ್ಟರ್ ಕೊಡಲಿಲ್ಲ. ಬೆಂಗಳೂರಿನ ಬಾಡಿಗೆ ರೂಮಿನಲ್ಲೇ ನನ್ನ ಹೆಂಡತಿ ಮೊರ, ಬಳೆ, ಅರಿಶಿನ ತಂದು ಬಾಗಿನ ಮಾಡಿದಳು. ಅಕ್ಕ ಅದನ್ನು ಅರಸೀಕೆರೆಯವರಿಗೆ ಕೊಟ್ಟಳು. ಭೇದಿ, ಸುಸ್ತು, ಮೂತ್ರದ ಉರಿ ಎಲ್ಲ ಆಯಿತು. ಅದನ್ನು ಬರೆಯಬೇಡ ಅಂದಿದ್ದಾಳೆ.

ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಹಾಸನಾಂಬೆ ಬಾಗಿಲು ತೆಗೆದಾಗ ಕ್ಯೂನಲ್ಲಿ ನಿಲ್ಲುತ್ತೇನೆ ಅಂತ ಹಟ. ನಾನು ಸ್ಪೆಷಲ್ ಟಿಕೆಟ್ ತರುತ್ತೇನೆ ಅಂದೆ. ಬೇಡ, ವರ್ಷಕ್ಕೊಂದು ಸಲ ಬಾಗಿಲು ತೆಗೆಯೋದು, ನಿಂತೇ ನೋಡ್ತೀನಿ ಅಂದಳು. ನಾನೂ ಜೊತೆಗೆ ನಿಂತೆ. ಮೊದಲು ಕಾಲು ನೋವು ಬಂದದ್ದು ನನಗೆ.

ಡಿಸೆಂಬರ್‌ನಲ್ಲಿ ಪೆಟ್ ಸ್ಕ್ಯಾನ್ ಮಾಡಿದರು. ಗಡ್ಡೆ ಕಾಣಲಿಲ್ಲ. ಬಲಗಡೆಯ ಗಂಟೂ ಮಿಂಚಲಿಲ್ಲ. ಇನ್ನು ಎರಡು ವರ್ಷ ಮೂರು ಮೂರು ತಿಂಗಳಿಗೆ ಬರಬೇಕು. ಈ ನಡುವೆ ಅಕ್ಕ ಊರಿನ ಆಶಾ ಕಾರ್ಯಕರ್ತೆಯ ಹಿಂದೆ ಬಿದ್ದು ನಮ್ಮ ಅತ್ತಿಗೆಯರನ್ನೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋಗಿದ್ದಾಳೆ. 30ರಿಂದ 65ರ ಹೆಂಗಸರಿಗೆ ಅಸಿಟಿಕ್ ಆಸಿಡ್ ಹಚ್ಚಿ ನೋಡುವ ಪರೀಕ್ಷೆ ಇದೆ, ವಿನೆಗರ್ ಥರದ್ದು, ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಆಗುವ ಮುಂಚೆಯೇ ಸಿಗುತ್ತದೆ, ಸ್ಟೇಜಿನ ಮಾತೇ ಬರುವುದಿಲ್ಲ. ಈ ಕ್ಯಾನ್ಸರ್ ತರುವ ವೈರಸ್ ತಡೆಯಲು ನನ್ನ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದ್ದೂ ಅವಳ ಕಾಟಕ್ಕೇ.

ಮೊನ್ನೆ ಎರಡನೇ ಚೆಕಪ್ಪಿಗೆ ಹೋಗಿದ್ದೆವು. ಎಲ್ಲ ಸರಿ ಇದೆ ಅಂದರು. ರೈಲಿನಲ್ಲಿ ಬರುವಾಗ ಅಕ್ಕ ಫೈಲ್ ತೆಗೆದು ಮೊದಲ ಸಾಲಿನ ಮೇಲೆ ಬೆರಳಿಟ್ಟಳು. "ಏನಿದು? ಗಡ್ಡೆ ಇಲ್ಲ ಅಂತಾರೆ, ಇನ್ನೂ ಮೂರೇ ಬರ್ದಿದ್ದಾರಲ್ಲೋ?"

ಅದು ಬದಲಾಗೋದಿಲ್ಲ ಅಂದೆ. ಮೊದಲ ದಿನ ಅಳೆದದ್ದೇ ಕೊನೆಯವರೆಗೂ ಇರುತ್ತದೆ. ಗುಣವಾದರೂ ಅದೇ. ಮತ್ತೆ ಬಂದರೂ ಅದೇ, ಮರುಕಳಿಸಿದೆ ಅಂತ ಪಕ್ಕದಲ್ಲಿ ಬರೆಯುತ್ತಾರೆ ಅಷ್ಟೆ. ನಮ್ಮಲ್ಲೂ ಮೂಲ ಟಿಪ್ಪಣಿ, ಅಂದರೆ ಮೊದಲ ಅಳತೆಯ ದಾಖಲೆ, ತಿದ್ದುವ ಹಾಗಿಲ್ಲ. ಗದ್ದೆ ಹೋಗಿ ಶುಂಠಿ ಬಂದರೂ, ಶುಂಠಿ ಹೋಗಿ ಸೈಟು ಬಂದರೂ ಟಿಪ್ಪಣಿ ಅದೇ.

ಅಕ್ಕ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದಳು. ಚನ್ನರಾಯಪಟ್ಟಣ ದಾಟಿತ್ತು.

"ಹಂಗಾರೆ ಇರ್ಲಿ ಬಿಡು. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು, ಮೇಲಿನ ಗದ್ದೆ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಐತಲ್ಲ. ಅದ್ನಾದ್ರೂ ತಿದ್ದಬೋದಾ, ಅದೂ ಹಂಗೇನಾ?"

ಸೋಮವಾರ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಲು, ಅರ್ಜಿ ಕೊಟ್ಟು ಬಂದೆ. ಅಕ್ಕನ ಹೆಸರೂ ಸೇರಿಸಿ.